ಹೇಳೋರು, ಕೇಳೋರು: ‘ಉತ್ತರದಾಯಿತ್ವ’ ಅಂದರೇನು?

ಮೈಸೂರಿನ ನಮ್ಮ ಬೀದಿಯಲ್ಲಿ ಯುಜಿಡಿ (ಒಳಚರಂಡಿ) ಪೈಪಿಗೆಂದು ರಸ್ತೆ ಅಗೆದು ಎರಡು ಮಳೆಗಾಲ ಕಳೆಯಿತು. ಮುಚ್ಚಿದ ಮಣ್ಣು ಕುಸಿದು ಮತ್ತೆ ಗುಂಡಿಯಾಗಿದೆ. ಎದುರು ಮನೆ ಅಜ್ಜಿ ಹಾಲಿಗೆ ಹೋಗುವಾಗ ಅದನ್ನು ಸುತ್ತಿ ಬಳಸಿ ನಡೆಯುತ್ತಾ ದಿನಾ ಒಂದೇ ಮಾತು ಹೇಳುತ್ತಾರೆ: ‘ಹೇಳೋರಿಲ್ಲ, ಕೇಳೋರಿಲ್ಲ.’ ಉತ್ತರದಾಯಿತ್ವ ಎಂಬ ಪದವನ್ನು ಅವರು ಬಳಸಿದ್ದು ನಾನು ಕೇಳಿಲ್ಲ. ಆದರೆ ಆ ಪದದ ಅರ್ಥವೆಲ್ಲ ಅವರ ಮಾತಲ್ಲೇ ಇದೆ. ಊರಿನ ಆಡಳಿತವನ್ನು ಹೀಗೆ ಕೇಳುವ ಕೆಲಸ ಸ್ವತಂತ್ರ ಟಿವಿಯಿಂದ ಆದೀತೇ ಎಂಬುದು ನನ್ನ ಪ್ರಶ್ನೆ, ಅದಕ್ಕೆ ಮೊದಲು ಈ ಪದ.

ಬಿಡಿಸಿ ನೋಡಿದರೆ ಪದ ಸುಲಭ. ‘ದಾಯಿ’ ಅಂದರೆ ಕೊಡುವವನು. ಉತ್ತರ ಕೊಡಬೇಕಾದ ಸ್ಥಿತಿಯೇ ಉತ್ತರದಾಯಿತ್ವ. ತಮಾಷೆ ಏನೆಂದರೆ, ನಾವು ದಿನವೂ ಆಡುವ ‘ಜವಾಬ್ದಾರಿ’ಯ ಒಳಗೂ ಇರುವುದು ಅದೇ. ಜವಾಬು ಅಂದರೆ ಉತ್ತರ. ಅಮಲ್ದಾರ, ಪಾಲುದಾರದಲ್ಲಿ ಬರುವ ‘ದಾರ’ವೇ ಇಲ್ಲೂ ಬಂದಿದೆ. ಒಂದು ಸಂಸ್ಕೃತದ ದಾರಿಯಲ್ಲಿ ಬಂತು, ಇನ್ನೊಂದು ಪಾರಸಿಯ ದಾರಿಯಲ್ಲಿ. ಬಳಸುತ್ತಾ ಬಳಸುತ್ತಾ ಜವಾಬ್ದಾರಿ ಅಂದರೆ ‘ವಹಿಸಿಕೊಂಡ ಕೆಲಸ’ ಎಂದಷ್ಟೇ ಆಯಿತು, ಜವಾಬು ಮರೆತುಹೋಯಿತು. ಹಾಗಾಗಿ ಹೊಸ ಪದ ಬೇಕಾಯಿತೇನೋ. ಇನ್ನು ‘ಹೊಣೆ’ಯ ತೂಕವೇ ಬೇರೆ. ಸಾಲಕ್ಕೆ ಹೊಣೆ ನಿಂತವರಿಗೆ ಅದು ಗೊತ್ತು.

ನಮ್ಮ ಗುಂಡಿಯನ್ನೇ ತೆಗೆದುಕೊಳ್ಳಿ. ಮುಚ್ಚಿಸುವುದು ಎಂಜಿನಿಯರ್ ಜವಾಬ್ದಾರಿ. ಯಾಕೆ ಮುಚ್ಚಿಲ್ಲ ಎಂದು ಜನರ ಎದುರು ಹೇಳಬೇಕಾಗಿರುವುದು ಉತ್ತರದಾಯಿತ್ವ. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಆ ಖರ್ಚು ಹೊರುವುದು ಹೊಣೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಕಾಗದವಾದರೂ ಇರುತ್ತದೆ. ನಡುವಿನದಕ್ಕೆ ಎದುರಿಗೊಬ್ಬ ಕೇಳುವವನು ಬೇಕು. ಕೇಳದೆ ಉತ್ತರ ಎಲ್ಲಿಂದ ಬರಬೇಕು?

ಕೇಳುವುದು ಈ ಊರಿಗೆ ಹೊಸದೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಸೇರಿಸಿದರು. ಮೊದಲ ಸಭೆಗೆ 144 ಜನ. ದಸರಾ ಹೊತ್ತಿಗೆ ದಿವಾನರು ವರ್ಷದ ಆದಾಯ, ಖರ್ಚು, ಆದ ಕೆಲಸ ಎಲ್ಲವನ್ನೂ ಸದಸ್ಯರ ಮುಂದೆ ಓದುತ್ತಿದ್ದರು. ಸದಸ್ಯರು ತಮ್ಮ ಕಡೆಯ ಅಹವಾಲು ಹೇಳಿಕೊಳ್ಳಬಹುದಿತ್ತು. ಶುರುವಿನಲ್ಲಿ ಅವರು ಚುನಾಯಿತರಲ್ಲ, ಸರ್ಕಾರದ ಕೈ ತಡೆಯುವ ಅಧಿಕಾರವೂ ಇರಲಿಲ್ಲ. ಆದರೂ ವರ್ಷಕ್ಕೊಮ್ಮೆ ಎದ್ದು ನಿಂತು ಲೆಕ್ಕ ಒಪ್ಪಿಸುವ ರೂಢಿ ಬಂತು. ಸರ್ಕಾರದ್ದಲ್ಲದ ಪ್ರಸಾರಕ್ಕೂ ನಾವೇನು ಹೊಸಬರಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದರು, ‘ಆಕಾಶವಾಣಿ’ ಎಂಬ ಹೆಸರು ಬಂದಿದ್ದು ಅದಕ್ಕೇ.

ಇನ್ನು ಟಿವಿಗೆ ಬರೋಣ. ಅಮೆರಿಕದಲ್ಲಿ 1979ರಿಂದ ಸಿ-ಸ್ಪ್ಯಾನ್ ಎಂಬ ವಾಹಿನಿ ಇದೆ. ಸಂಸತ್ತಿನ ಕಲಾಪವನ್ನು ಕತ್ತರಿಸದೆ ತೋರಿಸುತ್ತದೆ. ದುಡ್ಡು ಕೊಡುವುದು ಸರ್ಕಾರವಲ್ಲ, ಕೇಬಲ್ ಕಂಪನಿಗಳು. ನಮ್ಮಲ್ಲಿ 2021ರಲ್ಲಿ ಸಂಸದ್ ಟಿವಿ ಬಂತು, ಆದರೆ ಅದು ಸಂಸತ್ತಿನದೇ ವಾಹಿನಿ. ಮನೆ ಬಾಗಿಲಿಗೆ ನೀರು, ಕಸ, ದೀಪ ತರುವ ನಗರಪಾಲಿಕೆ ಪರದೆ ಮೇಲೆ ಕಾಣುವುದು ಯಾರೋ ಮೇಜು ಕುಟ್ಟಿದಾಗ, ಅದೂ ಅರ್ಧ ನಿಮಿಷ. ಬಜೆಟ್ ಚರ್ಚೆ ಬೋರು, ಒಪ್ಪುತ್ತೇನೆ. ಆದರೆ ಗುಂಡಿಯ ಕಥೆ ಶುರುವಾಗುವುದೇ ಅಲ್ಲಿ.

ಟಿವಿ ‘ಸ್ವತಂತ್ರ’ ಅಂದರೆ ಇಲ್ಲಿ ಮುಖ್ಯವಾಗಿ ಒಂದೇ ಪ್ರಶ್ನೆ: ಖರ್ಚು ಯಾರದ್ದು? ಊರಿನ ಕೇಬಲ್ ಚಾನೆಲ್ಲು ಬಟ್ಟೆ ಅಂಗಡಿಯ ಜಾಹೀರಾತಿನಿಂದ, ಮುಖಂಡರ ಹುಟ್ಟುಹಬ್ಬದ ಶುಭಾಶಯದಿಂದ ನಡೆಯುತ್ತಿದ್ದರೆ, ಬೆಳಗ್ಗೆ ಹಾರ ಹಾಕಿ ತೋರಿಸಿದವರನ್ನು ಸಂಜೆ ಗುಂಡಿ ಮುಂದೆ ನಿಲ್ಲಿಸಿ ಕೇಳುವುದು ಕಷ್ಟ ಅಲ್ವಾ? ಬಾನುಲಿ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ತರಂಗ ನಮ್ಮದಾದರೂ ಕ್ಯಾಮೆರಾದ ಬಾಡಿಗೆ ಯಾರೋ ಕೊಡಬೇಕಲ್ಲ.

ಕೇಳುವುದಕ್ಕೂ ಒಂದು ಕ್ರಮ ಇದೆ. ‘ರಸ್ತೆ ಯಾವಾಗ ಸರಿಯಾಗುತ್ತೆ ಸಾರ್?’ ಎಂದರೆ ‘ಶೀಘ್ರದಲ್ಲೇ ಕ್ರಮ’ ಎಂಬ ಉತ್ತರ ರೆಡಿ ಇರುತ್ತದೆ. ಹಾಗೆ ಕೇಳಬಾರದು. ಟೆಂಡರ್ ಮೊತ್ತ ಎಷ್ಟು? ಕಾರ್ಯಾದೇಶ ಕೊಟ್ಟಿದ್ದು ಯಾವತ್ತು? ಆದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕದಲ್ಲಿ ಎಷ್ಟು ಮೀಟರ್ ಬರೆದಿದ್ದಾರೆ? ಬಿಲ್ ಪಾಸಾಗಿದೆಯಾ? ಕಂಟ್ರಾಕ್ಟರೇ ತನ್ನ ಖರ್ಚಲ್ಲಿ ರಿಪೇರಿ ಮಾಡಿಕೊಡಬೇಕಾದ ಅವಧಿ ಇನ್ನೂ ಇದೆಯಾ? ಇವಕ್ಕೆ ಸುಮ್ನೆ ನಕ್ಕು ಕಾರು ಹತ್ತಲು ಆಗುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇವನ್ನೇ ಅರ್ಜಿ ಹಾಕಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯ ಉತ್ತರ ಒಬ್ಬರ ಕೈಗೆ ಬರುತ್ತದೆ, ಟಿವಿಯಲ್ಲಿ ಕೊಟ್ಟ ಉತ್ತರ ಇಡೀ ಬಡಾವಣೆಗೆ. ನನ್ನ ಪ್ರಕಾರ ಟಿವಿಯ ಜಾಸ್ತಿ ಉಪಯೋಗ ಇರುವುದು ಅಲ್ಲೇ. ನಾಲ್ಕು ಜನರ ಮುಂದೆ ಆಡಿದ ಮಾತನ್ನು ತಿರುಚುವುದು ಕಷ್ಟ.

ಆದರೆ ಯಾರನ್ನು ಕೇಳುವುದು? ಮೈಸೂರಿನ 65 ವಾರ್ಡುಗಳ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಚುನಾವಣೆ ಆಗದೆ ಆಡಳಿತಾಧಿಕಾರಿ ಬಂದರು. ಅಧಿಕಾರಿಗೆ ಮತ ಕೇಳಲು ನಮ್ಮ ಬೀದಿಗೆ ಬರುವ ಕೆಲಸವಿಲ್ಲ, ವರ್ಗವಾದರೆ ಊರೇ ಬಿಡುತ್ತಾರೆ. ಪಕ್ಕದ ಮಂಡ್ಯದ ಕಥೆ ಬೇರೆ. ಸಂವಿಧಾನ ವಾರ್ಡ್ ಸಮಿತಿಯನ್ನು (ವಾರ್ಡಿನ ಕೆಲಸ ನೋಡಿಕೊಳ್ಳುವ ಸಮಿತಿ) ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ. 2011ರ ಜನಗಣತಿಯಲ್ಲಿ ಮಂಡ್ಯದ ಲೆಕ್ಕ ಸುಮಾರು 1.37 ಲಕ್ಷ, ಹಾಗಾಗಿ ಸಂವಿಧಾನದ ಆ ಕಡ್ಡಾಯ ಅಲ್ಲಿಗಿಲ್ಲ.

ಮಂಡ್ಯದ ಆಚೆಗೆ, ಕಬ್ಬಿನ ಗದ್ದೆಗಳ ನಡುವಿನ ಪಂಚಾಯಿತಿಗಳಲ್ಲಿ ಮಾತ್ರ ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಹೊರಗಿನ ಅಧಿಕಾರಿ ಬಂದು ಊರವರ ಎದುರಿಗೇ ಜಮಾ ಖರ್ಚು ತಾಳೆ ನೋಡಿ, ಆದ ಕೆಲಸವನ್ನು ಜಾಗಕ್ಕೇ ಹೋಗಿ ನೋಡಬೇಕು. ಇದನ್ನು ಹೇಳಿದಾಗ ಎದುರು ಮನೆ ಅಜ್ಜಿ ಕೇಳಿದರು: ‘ಹಳ್ಳಿಗಿರೋದು ನಮಗ್ಯಾಕಿಲ್ಲ?’