ಕೆರೆ ದಂಡೆಯ ಫೋಟೊ ಮಸುಕಾಗುವುದು ಎಲ್ಲಿ?

ವಿಜಯಪುರದ ಭೂತನಾಳ ಕೆರೆಯಲ್ಲೋ ಬೇಗಂ ತಲಾಬಿನಲ್ಲೋ ಬೆಳಿಗ್ಗೆ ಹತ್ತರ ಮೇಲೆ ತೆಗೆದ ಹಕ್ಕಿಯ ಫೋಟೊ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಗರಿಗಳೆಲ್ಲ ಒಂದಕ್ಕೊಂದು ಕಲಸಿಹೋಗಿರುತ್ತವೆ. ಲೆನ್ಸ್ ಸರಿಯಿಲ್ಲ ಎಂದು ಇನ್ನೂ ದುಬಾರಿಯದಕ್ಕೆ ದುಡ್ಡು ಹೊಂದಿಸುವವರೇ ಹೆಚ್ಚು. ಆದರೆ ಅಲ್ಲಿ ಕೆಟ್ಟದ್ದು ಲೆನ್ಸ್ ಅಲ್ಲ, ಲೆನ್ಸಿಗೂ ಹಕ್ಕಿಗೂ ನಡುವಿನ ಗಾಳಿ. ಅದೇ ದಂಡೆಯ ಹುಳದ ಚಿತ್ರ ಮಸುಕಾಗುವುದಕ್ಕೆ ಕಾರಣ ಬೇರೆ, ಹೂವಿನದಕ್ಕೆ ಇನ್ನೂ ಬೇರೆ. ಕಾರಣ ಗುರುತಿಸದೆ ಮದ್ದು ಮಾಡಿದರೆ ನಾಟುವುದಿಲ್ಲ.

ಗಾಳಿಯ ಉಷ್ಣಾಂಶ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಗುಣದ ಅಳತೆ) ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಇಳಿಯುತ್ತದೆ. ಕೇಳಲು ಏನೂ ಅಲ್ಲ ಅನ್ನಿಸಬಹುದು. ಆದರೆ 4 ಮೈಕ್ರಾನ್ (0.004 ಮಿ.ಮೀ.) ಅಗಲದ ಪಿಕ್ಸೆಲ್, ಅಂದರೆ ಚಿತ್ರ ಕಟ್ಟುವ ಚುಕ್ಕೆ, ಇರುವ ಕ್ಯಾಮೆರಾಗೆ 600 ಮಿ.ಮೀ. ಲೆನ್ಸ್ ಹಾಕಿದಾಗ, 30 ಮೀಟರ್ ದೂರದ ಹಕ್ಕಿಯ ಮೇಲೆ ಒಂದೊಂದು ಪಿಕ್ಸೆಲ್ಲಿನ ಪಾಲಿಗೆ ಬರುವುದು ಬರೀ 0.2 ಮಿ.ಮೀ. ಜಾಗ. ಬೆಳಕು ಎಳ್ಳಷ್ಟು ಬಾಗಿದರೂ ಗರಿಯ ಅಂಚು ಪಕ್ಕದ ಪಿಕ್ಸೆಲ್ಲಿಗೆ ಜಾರುತ್ತದೆ. ಕಾದ ರೊಟ್ಟಿ ಹಂಚಿನ ಮೇಲಿಂದ ಆಚೆ ಗೋಡೆ ನೋಡಿದರೆ ಅದು ನಡುಗಿದಂತೆ ಕಾಣುತ್ತದಲ್ಲ, ಕೆರೆ ಏರಿಯ ಕಲ್ಲು ಮತ್ತು ಎರೆ ಮಣ್ಣು ಬಿಸಿಲಿಗೆ ಕಾದ ಮೇಲೆ ನಡೆಯುವುದೂ ಅದೇ. ಆಟೊಫೋಕಸ್ ಹಿಂದೆ ಮುಂದೆ ಹುಡುಕಾಡುತ್ತಿದ್ದರೆ ಬಹುಪಾಲು ಇದೇ ಕಾರಣ. ಶಟರ್ ವೇಗ ಏರಿಸಿದರೆ ಆ ನಡುಕ ನಿಂತಂತೆ ಸೆರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಜೂಮ್ ಹೆಚ್ಚಿಸಿದರೆ ಹಕ್ಕಿಯ ಜೊತೆ ನಡುಕವೂ ದೊಡ್ಡದಾಗುತ್ತದೆ.

ಇಲ್ಲಿ ಬಹಳ ಜನರಿಗೆ ಗೊತ್ತಿರದ ಒಂದು ಸಂಗತಿಯಿದೆ. ಹಕ್ಕಿಯ ಹತ್ತಿರದ ಬಿಸಿ ಗಾಳಿಗಿಂತ ಲೆನ್ಸಿನ ಮುಂದಿನ ಬಿಸಿ ಗಾಳಿ ಹೆಚ್ಚು ಕೆಡಿಸುತ್ತದೆ. ಲೆನ್ಸಿನ ಬಳಿಯೇ ಬಾಗಿದ ಬೆಳಕು ಇಡೀ ದೂರದ ಲೆಕ್ಕಕ್ಕೆ ತಪ್ಪು ದಿಕ್ಕು ತೋರಿಸುತ್ತದೆ. ಆದ್ದರಿಂದ ಕಾದ ಕಲ್ಲಿನ ಏರಿಯ ಮೇಲೆ ಮಲಗಿಕೊಂಡು, ಇಲ್ಲವೇ ನಿಂತ ಕಾರಿನ ಬಾನೆಟ್ ಮೇಲಿಂದ ತೆಗೆಯುವುದು ತೀರಾ ಕೆಟ್ಟ ಜಾಗ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ ಎನ್ನುವುದು ಎಲ್ಲರೂ ಕೊಡುವ ಸಲಹೆ. ಬೆಳಗಿನ ಮಟ್ಟಿಗೆ ಅದು ಸರಿ, ಏಕೆಂದರೆ ಕೆಳಗಿನಿಂದ ತೆಗೆದರೆ ಹಿನ್ನೆಲೆ ದೂರಕ್ಕೆ ಸರಿದು ಹಕ್ಕಿ ಎದ್ದು ಕಾಣುತ್ತದೆ. ಬಿಸಿಲೇರಿದ ಮೇಲೆ ಮಾತ್ರ ಎದ್ದು ನಿಲ್ಲುವುದೇ ಒಳ್ಳೆಯದು, ಅಥವಾ ನೀರಂಚಿನ ಹಸಿ ಮಣ್ಣಿಗೆ ಇಳಿಯಬೇಕು. ಚಳಿಗಾಲದ ನಸುಕಿನಲ್ಲಿ ನೀರು ಗಾಳಿಗಿಂತ ಬೆಚ್ಚಗಿರುವುದರಿಂದ ಆಗಲೂ ಒಂದಿಷ್ಟು ನಡುಕ ಇರುತ್ತದೆ. ಆ ನಡುಕ ಬೇಗ ಅಡಗುತ್ತದೆ.

ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಐದಾರು ನಿಮಿಷ ಮುಂಚೆ, ಮೇ ಕೊನೆಯಲ್ಲಿ ಆರಕ್ಕೂ ಮೊದಲೇ. ಮೇ ಮೊದಲ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಹಾಗಾಗಿ ಚಳಿಗಾಲದಲ್ಲಿ ಹತ್ತರವರೆಗೆ ಸಿಗುವ ಕೆಲಸದ ಹೊತ್ತು ಬೇಸಿಗೆಯಲ್ಲಿ ಎಂಟೂವರೆಗೇ ಮುಗಿಯುತ್ತದೆ. ಬೆಳಿಗ್ಗೆ ಪೂರ್ವದ ದಂಡೆ, ಸಂಜೆ ಪಶ್ಚಿಮದ ದಂಡೆ ಹಿಡಿದರೆ ಬೆಳಕು ಬೆನ್ನ ಹಿಂದಿರುತ್ತದೆ.

ಕ್ಯಾಮೆರಾದ ಬೆಳಕಿನ ಮೀಟರ್ ಕಂಡದ್ದನ್ನೆಲ್ಲ ನಡುಬೂದು ಬಣ್ಣವೆಂದೇ ಲೆಕ್ಕ ಹಾಕುತ್ತದೆ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ನಿಂತರೆ ಅದು ನೀರನ್ನು ಬೂದು ಮಾಡಲು ಹೋಗಿ ಹಕ್ಕಿಯನ್ನು ಸುಣ್ಣದ ಮುದ್ದೆ ಮಾಡುತ್ತದೆ. ಆಗ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಮೀಟರ್ ಲೆಕ್ಕ ಹಾಕಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 0.7ರಿಂದ ಮೈನಸ್ 1 ಇಡಿ. ಹೊಳೆಯುವ ನೀರಿನಲ್ಲಿ ತೇಲುವ ನಾಮದ ಕೋಳಿಗೋ ನೀರುಕಾಗೆಗೋ ಪ್ಲಸ್ 0.7 ಬೇಕು. ಶಟರ್ ವೇಗ ಕೂತ ಹಕ್ಕಿಗೆ 1/500 ಸೆಕೆಂಡ್, ಹಾರುವುದಕ್ಕೆ 1/2000, ಗಾಳಿಯಲ್ಲೇ ರೆಕ್ಕೆ ಬಡಿಯುತ್ತ ನಿಂತು ನೀರಿಗೆ ಧುಮುಕುವ ಕಪ್ಪುಬಿಳಿ ಮಿಂಚುಳ್ಳಿಗೆ 1/3200. ಟ್ರೈಪಾಡ್ ಹೊತ್ತು ತಿರುಗುವುದಕ್ಕಿಂತ ದಪ್ಪ ಬಟ್ಟೆಯ ಚೀಲದಲ್ಲಿ ಎರಡು ಕಿಲೋದಷ್ಟು ಜೋಳ ತುಂಬಿ ಅದರ ಮೇಲೆ ಲೆನ್ಸ್ ಇಡುವುದು ಮೇಲು. ಪೂರ್ತಿ ತುಂಬಬಾರದು, ಮುಕ್ಕಾಲಿಗೆ ನಿಲ್ಲಿಸಿದರೆ ಲೆನ್ಸ್ ಹುದುಗಿ ಕೂರುತ್ತದೆ. ಒದ್ದೆಯಾದರೆ ಜೋಳ ಬದಲಿಸಿ, ಇಲ್ಲವಾದರೆ ಮೊಳಕೆ ಬರುತ್ತದೆ.

ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಕೂಗಿಕೊಳ್ಳುತ್ತಿದ್ದರೆ ಅದು ಒಳ್ಳೆಯ ಅವಕಾಶವಲ್ಲ, ಹತ್ತಿರದಲ್ಲೇ ನೆಲದ ಮೇಲೆ ಮೊಟ್ಟೆ ಇದೆ ಎಂಬ ಸೂಚನೆ. ಬೇಸಿಗೆಯಲ್ಲಿ ಈ ಹಕ್ಕಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿ ತಂದು ಮೊಟ್ಟೆ ತಂಪು ಮಾಡುತ್ತದೆ. ಬೇಸಿಗೆಯ ಬಿಸಿಲಲ್ಲಿ ನಾವು ಅದನ್ನು ದೂರ ನಿಲ್ಲಿಸಿದಷ್ಟು ಹೊತ್ತೂ ಮೊಟ್ಟೆ ಬೇಯುತ್ತಿರುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು.

ಹುಳದ ವಿಷಯಕ್ಕೆ ಬಂದರೆ ಲೆಕ್ಕವೇ ತಿರುಗುತ್ತದೆ. ಇಲ್ಲಿ ಗಾಳಿಯ ಬಿಸಿಯ ತೊಂದರೆ ಇಲ್ಲ, ಫೋಕಸ್ಸಿನ ಆಳದ್ದೇ ತೊಂದರೆ, ಅಂದರೆ ಹಿಂದೆ ಮುಂದೆ ಎಷ್ಟು ದಪ್ಪದವರೆಗೆ ಸ್ಪಷ್ಟವಾಗಿ ಬರುತ್ತದೆ ಎಂಬುದರದ್ದು. ಮ್ಯಾಕ್ರೊ ಲೆನ್ಸಿನಲ್ಲಿ ಹುಳ ತನ್ನ ನಿಜ ಗಾತ್ರದಲ್ಲೇ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋಗಿ ಎಫ್/11ರಲ್ಲಿ (ಈ ಅಂಕಿ ಹೆಚ್ಚಿದಷ್ಟೂ ಲೆನ್ಸಿನ ಬೆಳಕಿನ ಕಂಡಿ ಕಿರಿದು) ತೆಗೆದರೂ ಸ್ಪಷ್ಟವಾಗಿ ಬರುವುದು ಹೆಚ್ಚುಕಡಿಮೆ 1 ಮಿ.ಮೀ. ಆಳ ಮಾತ್ರ. ಏರೋಪ್ಲೇನ್ ಚಿಟ್ಟೆಯ ಒಂದು ಕಣ್ಣೇ ಅದಕ್ಕಿಂತ ದಪ್ಪ. ಎಫ್/22ಕ್ಕೆ ಹೋದರೆ ಆಳ ಹೆಚ್ಚುತ್ತದೆ, ನಿಜ. ಆದರೆ ಅಷ್ಟು ಸಣ್ಣ ಕಂಡಿಯಲ್ಲಿ ನುಗ್ಗುವ ಬೆಳಕು ವಿವರ್ತನೆಯಿಂದ ಹರಡಿ, ಒಂದು ಬಿಂದು ಸೆನ್ಸರ್ ಮೇಲೆ ಸುಮಾರು 0.06 ಮಿ.ಮೀ. ಅಗಲದ ಚುಕ್ಕೆಯಾಗುತ್ತದೆ. ಅಂದರೆ ಹದಿನೈದು ಪಿಕ್ಸೆಲ್ ಅಗಲ. ಎಲ್ಲವೂ ಫೋಕಸ್ಸಿನಲ್ಲಿ, ಯಾವುದೂ ಸ್ಪಷ್ಟವಿಲ್ಲ!

ಇದಕ್ಕಿಂತ ಅಗ್ಗದ ದಾರಿ ಸ್ವಲ್ಪ ಹಿಂದೆ ಸರಿಯುವುದು. ಚಿತ್ರದ ಗಾತ್ರ ಅರ್ಧಕ್ಕೆ ಇಳಿದರೆ ಆಳ ಮೂರು ಪಟ್ಟಾಗುತ್ತದೆ, ಆಮೇಲೆ ಕತ್ತರಿಸಿ ದೊಡ್ಡದು ಮಾಡಿಕೊಳ್ಳಬಹುದು. ಎರಡನೆಯದು ಕೋನ. ಇರುವ ಅಷ್ಟು ತೆಳು ಪದರದೊಳಗೆ ಹುಳದ ಮೈ ಹೊಂದಬೇಕು. ಡ್ಯಾಮ್ಸೆಲ್‌ಫ್ಲೈ (ಏರೋಪ್ಲೇನ್ ಚಿಟ್ಟೆಯ ಸಪೂರ ಬಂಧು) ಕೂತಾಗ ಸಾಮಾನ್ಯವಾಗಿ ರೆಕ್ಕೆ ಮಡಚುತ್ತದೆ, ಅದನ್ನು ನೇರ ಪಕ್ಕದಿಂದ ತೆಗೆದರೆ ತಲೆಯಿಂದ ಬಾಲದವರೆಗೆ ಸ್ಪಷ್ಟವಾಗಿ ಸಿಗುತ್ತದೆ. ಏರೋಪ್ಲೇನ್ ಚಿಟ್ಟೆ ರೆಕ್ಕೆ ಚಾಚಿ ಕೂರುತ್ತದೆ, ಅದಕ್ಕೆ ಮೇಲಿಂದಲೋ ಪಕ್ಕದಿಂದಲೋ ಒಂದನ್ನು ಆರಿಸಬೇಕು. ಓರೆಯಾಗಿ ತೆಗೆದರೆ ಎರಡೂ ಹೋಗುತ್ತವೆ. ಆಟೊಫೋಕಸ್ ಆಫ್ ಮಾಡಿ, ನಮ್ಮ ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ಆಡಿಸುತ್ತ ಹುಳದ ಕಣ್ಣು ಮೊನಚಾದಾಗ ಒತ್ತುವುದು ರೂಢಿ. ಫ್ಲ್ಯಾಶ್ ಇದ್ದರೆ ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಿ ಬಲವನ್ನು 1/16ಕ್ಕೆ ಇಳಿಸಿ. ಅಷ್ಟು ಕಡಿಮೆ ಬಲದಲ್ಲಿ ಅದು ಮಿಂಚುವುದು 1/5000 ಸೆಕೆಂಡಿಗಿಂತ ಕಡಿಮೆ ಹೊತ್ತು, ಕೈ ನಡುಕ ಗೊತ್ತಾಗುವುದಿಲ್ಲ.

ಈ ಹುಳಗಳ ಕಣ್ಣು ಚಲನೆಗೆ ಬಹಳ ಸೂಕ್ಷ್ಮ. ಆದರೆ ಹಲವು ಏರೋಪ್ಲೇನ್ ಚಿಟ್ಟೆಗಳು ಹಾರಿ ಬೇಟೆಯಾಡಿ ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತವೆ. ಬೆನ್ನಟ್ಟುವ ಬದಲು ಕಡ್ಡಿಗೆ ಫೋಕಸ್ ಇಟ್ಟು ಕಾಯಬೇಕು. ಮಧ್ಯಾಹ್ನ ಕೆಲವು ಬಾಲವನ್ನು ನೆಟ್ಟಗೆ ಸೂರ್ಯನ ಕಡೆ ಎತ್ತಿ ನಿಲ್ಲುತ್ತವೆ. ಅದು ಠೀವಿಯಲ್ಲ, ಮೈಯ ಮೇಲೆ ಬೀಳುವ ಬಿಸಿಲು ಕಡಿಮೆ ಮಾಡಿಕೊಳ್ಳುವ ಉಪಾಯ. ಮಳೆಗಾಲ ಮುಗಿಯುವ ಹೊತ್ತಿಗೆ ಹಿಂಡುಗಟ್ಟಿ ಹಾರುವ ಹಳದಿ ಬಣ್ಣದವು ಹಗಲಿಡೀ ಕೂರುವುದೇ ಅಪರೂಪ. ಹಿಂದೂ ಮಹಾಸಾಗರ ದಾಟಿ ಆಫ್ರಿಕಾಕ್ಕೆ ಹೋಗುವ ಜಾತಿ ಅದು. ಮೈ ತಣ್ಣಗಿದ್ದು ಹಾರಲಾಗದ ನಸುಕಿನಲ್ಲಿ ಪೊದೆಯ ಕಡ್ಡಿಗೆ ಜೋತುಬಿದ್ದಾಗ ಹುಡುಕಿದರೆ ಸಿಗುತ್ತವೆ.

ಹೂವು ಓಡಿಹೋಗುವುದಿಲ್ಲ, ಆದರೆ ಸುಮ್ಮನೆ ನಿಲ್ಲುವುದೂ ಇಲ್ಲ. ಸೆಕೆಂಡಿಗೆ 1 ಸೆಂ.ಮೀ. ತೂಗಿದರೂ 1/100 ಸೆಕೆಂಡಿನಲ್ಲಿ ಅದು 0.1 ಮಿ.ಮೀ. ಸರಿಯುತ್ತದೆ. ನಿಜ ಗಾತ್ರದ ಚಿತ್ರದಲ್ಲಿ ಅದು ಇಪ್ಪತ್ತೈದು ಪಿಕ್ಸೆಲ್. 1/500ಕ್ಕೆ ಏರಿಸಿದರೆ ಐದಕ್ಕೆ ಇಳಿಯುತ್ತದೆ. ರಾತ್ರಿ ತಣಿದ ನೆಲದ ಮೇಲಿನ ಗಾಳಿ ಬೆಳಿಗ್ಗೆ ಭಾರವಾಗಿ ಕೂತಿರುತ್ತದೆ, ನೆಲ ಕಾದ ಮೇಲೆ ಮೇಲಿನ ಬೀಸುಗಾಳಿ ಕೆಳಗಿಳಿಯುತ್ತದೆ. ಹೂವಿಗೂ ನಸುಕೇ ಲೇಸು ಎನ್ನುವುದು ಅದಕ್ಕೇ. ವಿಷ್ಣುಕ್ರಾಂತಿಯಂತೂ ಮಧ್ಯಾಹ್ನದ ಹೊತ್ತಿಗೆ ಮುದುಡಿಬಿಡುತ್ತದೆ. ದಂಟಿನ ಬುಡಕ್ಕೆ ಒಂದು ಕಡ್ಡಿ ಚುಚ್ಚಿ ಬಟ್ಟೆ ಕ್ಲಿಪ್‌ನಿಂದ ಸಡಿಲವಾಗಿ ಹಿಡಿದರೆ ತೂಗಾಟ ಅರ್ಧಕ್ಕರ್ಧ ನಿಲ್ಲುತ್ತದೆ. ಫೋಟೊ ತೆಗೆಯಲು ಮಲಗುವ ಮುಂಚೆ ನೆಲ ನೋಡಿಕೊಳ್ಳಿ. ನೆಗ್ಗಿಲಮುಳ್ಳು ಮೊಣಕೈಗೆ ಹೊಕ್ಕರೆ, ಕಾಂಗ್ರೆಸ್ ಕಸ ಮೈಗೆ ತಾಗಿ ತುರಿಕೆ ಎದ್ದರೆ ಆ ದಿನದ ಫೋಟೊ ಅಲ್ಲಿಗೆ ಮುಗಿಯಿತು.

ತಂಗಡಿಯಂಥ ಹಳದಿ ಹೂವಿಗೆ ಇನ್ನೊಂದು ತೊಡಕು: ಕ್ಯಾಮೆರಾದ ಕೆಂಪು ಚಾನೆಲ್ (ಚಿತ್ರದ ಕೆಂಪು ಬೆಳಕಿನ ಪಾಲು) ಬೇಗ ತುಂಬಿ ಎಸಳಿನ ನರಗಳೆಲ್ಲ ಅಳಿಸಿಹೋಗುತ್ತವೆ. ಒಟ್ಟು ಹಿಸ್ಟೊಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಮಾತ್ರ ಸರಿಯಾಗಿಯೇ ಕಾಣುತ್ತದೆ. ಮೂರು ಬಣ್ಣದ ಹಿಸ್ಟೊಗ್ರಾಂ ನೋಡಿ ಮೈನಸ್ 0.7 ಇಡುವುದು ಕ್ಷೇಮ. ಮೊಬೈಲಿನಲ್ಲಿ ತೆಗೆಯುವವರು ಪೋರ್ಟ್ರೇಟ್ ಮೋಡ್ ಬಿಡಬೇಕು, ಅದು ಎಸಳಿನ ಅಂಚನ್ನೂ ಹಿನ್ನೆಲೆಯೆಂದು ಮಸುಕು ಮಾಡುತ್ತದೆ.

ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಅಥವಾ ಎಲ್ಲ ಜೀವಿಗಳನ್ನೂ ದಾಖಲಿಸುವ ಐನ್ಯಾಚುರಲಿಸ್ಟ್‌ಗೆ ಹಾಕುವ ಚಿತ್ರವಾದರೆ ಅಂದದ ಒಂದೇ ಫೋಟೊ ಸಾಲದು. ತುಂಬೆಯ ಜಾತಿ ಗುರುತಿಸಲು ಬಿಳಿ ಎಸಳಿಗಿಂತ ಅದರ ಕೆಳಗಿನ ಹಸಿರು ಬಟ್ಟಲಿನ ಬಾಯಿ ಮುಖ್ಯ, ಜೊತೆಗೆ ಎಲೆ. ಡ್ಯಾಮ್ಸೆಲ್‌ಫ್ಲೈಗೆ ಬಾಲದ ತುದಿ ಬೇಕು. ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಸಿಕ್ಕರೆ ಒಂದೊಂದರ ಕುತ್ತಿಗೆಯನ್ನೂ ನೋಡಿ. ವಲಸೆಯ ಜಾಡು ತಿಳಿಯಲೆಂದು ಮಂಗೋಲಿಯಾದಲ್ಲಿ ಅಕ್ಷರ ಬರೆದ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಅಂಥದ್ದು ಕಂಡರೆ ಹಿನ್ನೆಲೆ, ಬೆಳಕು ಎಂದು ನೋಡುತ್ತ ಕೂರದೆ ಪಟ್ಟಿಯ ಅಕ್ಷರ ಓದಲು ಬರುವಂಥ ಒಂದು ಫೋಟೊ ಮೊದಲು ತೆಗೆಯಬೇಕು.