ನೀಲಿ ಹೊಗೆ ಬಂದ ಕೂಡಲೇ ಬೋರಿಂಗ್ ಮಾಡಿಸಬೇಡಿ

ಮಾಟುಂಗಾದ ಹೋಟೆಲಿನವರೊಬ್ಬರು ಕಳೆದ ತಿಂಗಳು ತಮ್ಮ ತಂದೆಯ ಫಿಯಟ್ ಕಾರನ್ನು ಕುರ್ಲಾದ ನಮ್ಮ ಗ್ಯಾರೇಜಿಗೆ ತಂದರು. 1968ರ 1100 ಡಿಲೈಟ್. ಇದೇ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. "ರಿಂಗ್ ಹೋಗಿದೆಯಂತೆ, ಬೋರಿಂಗ್ ಆಗಬೇಕಂತೆ" ಎಂದರು. ಅಂದರೆ ಪಿಸ್ಟನ್ನಿನ ಸುತ್ತಲಿನ ಉಂಗುರ ಸವೆದಿದೆ, ಸಿಲಿಂಡರನ್ನು ಮತ್ತೆ ಕೊರೆಯಬೇಕು ಎಂದು. ಗಾಡಿ ನೀಲಿ ಹೊಗೆ ಬಿಡುತ್ತದೆಂದು ಬೇರೆಲ್ಲೋ ತೋರಿಸಿ ಬಂದಿದ್ದರು.

"ನೀಲಿ ಹೊಗೆ ಯಾವಾಗ ಬರ್ತದೆ?" ಎಂದು ಕೇಳಿದೆ.

"ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಒಮ್ಮೆ. ಮತ್ತೆ ಲೋಣಾವಳದ ಘಾಟಿ ಇಳಿದು ಖೋಪೋಲಿಯಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಹಿಂದಿನ ಗಾಡಿಯೇ ಕಾಣುದಿಲ್ಲ ಮಾರಾಯ್ರೆ. ಘಾಟಿ ಹತ್ತುವಾಗ ಏನೂ ಇಲ್ಲ."

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ರಿಂಗ್ ಸವೆದಿದ್ದರೆ ಭಾರ ಎಳೆಯುವಾಗಲೇ ಹೊಗೆ ಜಾಸ್ತಿ. ಘಾಟಿ ಇಳಿಯುವಾಗ ಕಾಲು ತೆಗೆದಿರುತ್ತೇವೆ, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಮುಚ್ಚಿರುತ್ತದೆ. ಆಗ ಇಂಜಿನ್ ಒಳಗಿಂದ ಜೋರಾಗಿ ಹೀರುತ್ತದೆ. ಇನ್‌ಲೆಟ್ ವಾಲ್ವ್ ಗೈಡ್, ಅಂದರೆ ಇಂಧನ ಒಳಬಿಡುವ ವಾಲ್ವಿನ ಕಡ್ಡಿ ಆಡುವ ಕೊಳವೆ, ಸವೆದು ಸಂದು ಬಿದ್ದಿದ್ದರೆ, ವಾಲ್ವನ್ನು ಮೇಲಿಂದ ಒತ್ತುವ ರಾಕರ್ ಕಡೆಯ ಆಯಿಲ್ ಆ ಸಂದಿನಿಂದಲೇ ಕೆಳಗಿಳಿಯುತ್ತದೆ. ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಅದೆಲ್ಲ ಉರಿದು ಹೊಗೆಯಾಗುತ್ತದೆ. ಬೆಳಗಿನ ಹೊಗೆಯೂ ಅಷ್ಟೇ, ರಾತ್ರಿಯಿಡೀ ಜಿನುಗಿದ ಆಯಿಲ್. ಗೇಜ್ ಹಾಕಿ ಕಂಪ್ರೆಷನ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ, ನೋಡಿದೆವು. ನಾಲ್ಕೂ ಸಿಲಿಂಡರ್ ಸಮ. ಒಂದು ಚಮಚ ಆಯಿಲ್ ಹಾಕಿ ನೋಡಿದರೂ ಗೇಜಿನ ಮುಳ್ಳು ಮೇಲೇರಲಿಲ್ಲ. ರಿಂಗ್ ಸವೆದಿದ್ದರೆ ಆಯಿಲ್ ಆ ಸಂದು ಮುಚ್ಚಿ ಮುಳ್ಳು ಏರುತ್ತಿತ್ತು. ರಿಂಗ್ ಚೆನ್ನಾಗಿಯೇ ಇತ್ತು.

ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಇಳಿಸಿದೆವು. ವಾಲ್ವನ್ನು ಅದು ಮುಚ್ಚಿ ಕೂರುವ ಸೀಟಿನಿಂದ ಸ್ವಲ್ಪ ಎತ್ತಿ, ಅಂಚಿಗೆ ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್ ತಾಗಿಸಿ, ಬೆರಳಿನಿಂದ ಅಲ್ಲಾಡಿಸಿದೆ. ಎರಡನೇ ಸಿಲಿಂಡರಿನ ಇನ್‌ಲೆಟ್ ಸಡಿಲ ಹಲ್ಲಿನ ಹಾಗೆ ಆಡುತ್ತಿತ್ತು. ಗೈಡಿನ ಬಾಯಿ ದುಂಡಗೆ ಉಳಿದಿರಲಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿತ್ತು. ರಾಕರ್ ನೇರ ಕೆಳಗೆ ಮಾತ್ರ ಒತ್ತುವುದಿಲ್ಲ, ವಾಲ್ವಿನ ಕಡ್ಡಿಯಾದ ಸ್ಟೆಮ್ಮಿನ ತುದಿಯ ಮೇಲೆ ಜಾರುತ್ತಾ ಪಕ್ಕಕ್ಕೂ ತಳ್ಳುತ್ತದೆ. ಅದಕ್ಕೇ ಗೈಡ್ ಎರಡು ತುದಿಯಲ್ಲಿ ಜಾಸ್ತಿ ಸವೆಯುತ್ತದೆ, ನಡುವೆ ಕಡಿಮೆ. ಒಂದೇ ಜಾಗದಲ್ಲಿ ಅಳೆದರೆ ಮೋಸ ಹೋಗುತ್ತೀರಿ.

ಕೆಲವರು ಹಳೆ ಗೈಡಿನ ಒಳಗೆ ನರ್ಲಿಂಗ್ ಮಾಡಿ, ಅಂದರೆ ಒತ್ತಿ ಗೆರೆ ಎಬ್ಬಿಸಿ, ಸಂದು ಕಡಿಮೆ ಮಾಡುತ್ತಾರೆ. ನಾನು ಮಾಡುವುದಿಲ್ಲ. ಲೋಹ ಉಬ್ಬಿದ ಗೆರೆಗಳಷ್ಟೇ ಸ್ಟೆಮ್ಮಿಗೆ ತಾಗುತ್ತವೆ, ಬೇಗ ಸವೆಯುತ್ತವೆ.

ಹಳೆ ಗೈಡ್ ಎಷ್ಟು ಮೇಲೆ ನಿಂತಿದೆ ಎಂದು ಮೊದಲು ಅಳೆದು ಬರೆದಿಡಿ. ಕೆಳತುದಿಯ ಕಾರ್ಬನ್ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಹೊರಬರುವಾಗ ಅದು ಹೆಡ್ಡಿನ ತೂತನ್ನೇ ಗೀರುತ್ತದೆ. ಈ ಗಾಡಿಯ ಹೆಡ್ ಅಲ್ಯೂಮಿನಿಯಂ. ಬಿಸಿಗೆ ಗೈಡಿನ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಹೆಡ್ಡನ್ನು ಓವನ್ನಿನಲ್ಲಿ 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಹೊಸ ಗೈಡನ್ನು ರಾತ್ರಿಯೇ ಫ್ರೀಜರಿನಲ್ಲಿಟ್ಟು, ಡ್ರಿಫ್ಟ್ ಎಂಬ ಮೆಟ್ಟಿಲು ಕೊಟ್ಟ ಸಲಾಕೆಯಿಂದ ಪ್ರೆಸ್ ಮಾಡುತ್ತೇವೆ. ಸುತ್ತಿಗೆಯಿಂದ ಬಡಿದು ಕೂರಿಸಿದ ಹೆಡ್ಡುಗಳಲ್ಲಿ ಸೀಳು ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರೆಸ್ ಮಾಡಿದಾಗ ಗೈಡಿನ ಒಳತೂತು ಸ್ವಲ್ಪ ಕಿರಿದಾಗುತ್ತದೆ. ತೂತನ್ನು ಅಳತೆಗೆ ಕೆರೆಯುವ ರೀಮರ್ ಹಾಕಲೇಬೇಕು. ಇನ್‌ಲೆಟ್‌ಗೆ ಒಂದೂವರೆ, ಎರಡು ಥೌ, ಅಂದರೆ 0.04ರಿಂದ 0.05 ಮಿ.ಮೀ. ಸಂದು ಬಿಡುತ್ತೇನೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಹೆಚ್ಚು ಕಾಯುತ್ತದೆ, ಅದಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ತೀರಾ ಬಿಗಿ ಮಾಡಿದರೆ ಹೈವೇಯಲ್ಲಿ ವಾಲ್ವ್ ಸಿಕ್ಕಿಕೊಳ್ಳುತ್ತದೆ.

ಜಾಸ್ತಿ ಜನ ಇಲ್ಲಿಗೇ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನನ್ನ ತಕರಾರು ಇರುವುದೇ ಇಲ್ಲಿ. ಹೊಸ ಗೈಡ್ ಹಾಕಿದ ಮೇಲೆ ವಾಲ್ವಿನ ನಡುಗೆರೆ ಕೂದಲೆಳೆಯಷ್ಟಾದರೂ ಸರಿದಿರುತ್ತದೆ. ಹಳೆ ಸೀಟು ಹಳೆ ಗೆರೆಗೇ ನಿಂತಿರುತ್ತದೆ. ವಾಲ್ವ್ ಒಂದು ಕಡೆ ಮಾತ್ರ ಕೂರುತ್ತದೆ. ಇದನ್ನು ಸುಮ್ನೆ ಪೇಸ್ಟ್ ಹಚ್ಚಿ ಉಜ್ಜಿ ಸರಿಮಾಡಲು ಆಗುವುದಿಲ್ಲ. ಹೊಸ ಗೈಡಿನಲ್ಲಿ ಪೈಲಟ್ ಎಂಬ ನೇರ ಸಲಾಕೆ ಇಳಿಸಿ, ಅದನ್ನೇ ಆಧಾರ ಮಾಡಿಕೊಂಡು ಸೀಟನ್ನು 45 ಡಿಗ್ರಿಗೆ ಮತ್ತೆ ಕತ್ತರಿಸಬೇಕು. ನೀಲಿ ಬಣ್ಣ ಹಚ್ಚಿ ವಾಲ್ವ್ ಒತ್ತಿ ನೋಡಿದಾಗ ಸುತ್ತಲೂ ಒಂದೇ ಅಗಲದ, ಎಲ್ಲೂ ಕಡಿಯದ ಉಂಗುರ ಕಾಣಬೇಕು. ಈ ಹೆಡ್ಡಿನಲ್ಲಿ ಏಳು ಸೀಟು ಒಂದೇ ಸಲಕ್ಕೆ ಬಂದವು. ಒಂದಕ್ಕೆ ಮೂರು ಸಲ ಕಟರ್ ಹಿಡಿಯಬೇಕಾಯಿತು.

500 ಕಿ.ಮೀ. ಓಡಿಸಿ ಮತ್ತೆ ತನ್ನಿ ಎಂದು ಹೇಳಿ ಕಳಿಸಿದ್ದೇನೆ. ಹೊಸದಾಗಿ ಕತ್ತರಿಸಿದ ಸೀಟಿನಲ್ಲಿ ವಾಲ್ವ್ ಸ್ವಲ್ಪ ಒಳಗೆ ಕೂರುತ್ತದೆ, ರಾಕರಿಗೂ ವಾಲ್ವಿಗೂ ನಡುವಿನ ಟ್ಯಾಪೆಟ್ ಸಂದು ಕಡಿಮೆಯಾಗುತ್ತದೆ. ನೋಡದೆ ಬಿಟ್ಟರೆ ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಟ್ಟುಹೋಗುತ್ತದೆ.