ಸವಳು ಬೇರೆ, ಜವಳು ಬೇರೆ

ಸಿಂಧನೂರಿನ ಗೊಬ್ಬರದ ಅಂಗಡಿಯೊಂದರ ಮುಂದೆ ಕಟ್ಟಿದ್ದ ಬ್ಯಾನರಿನಲ್ಲಿ ಮೊನ್ನೆ ‘ಸವಳು-ಜವಳಿ ಭೂಮಿಗೆ ಜಿಪ್ಸಮ್ ಒಂದೇ ಪರಿಹಾರ’ ಎಂಬ ಸಾಲು ಕಣ್ಣಿಗೆ ಬಿತ್ತು. ಜವಳಿ ಎಂದರೆ ಬಟ್ಟೆ, ಇಲ್ಲವೇ ‘ಅವಳಿ-ಜವಳಿ’ ಎನ್ನುವಾಗಿನ ಜೋಡಿ. ಹೊಲಕ್ಕೆ ಬರುವುದು ಜವಳು. ಕಾಗುಣಿತದ ಈ ತಪ್ಪನ್ನಾದರೂ ಮನ್ನಿಸಬಹುದು. ಆದರೆ ಎರಡು ಬೇರೆ ಬೇರೆ ರೋಗಗಳ ಹೆಸರನ್ನು ಕೂಡಿಸಿ ‘ಕೆಟ್ಟ ಭೂಮಿ’ ಎಂಬ ಒಂದೇ ಅರ್ಥದಲ್ಲಿ ಬಳಸುವುದನ್ನು ಮನ್ನಿಸಲಾಗದು, ಏಕೆಂದರೆ ಅದರಿಂದ ರೈತರ ದುಡ್ಡು ಮಣ್ಣುಪಾಲಾಗುತ್ತದೆ.

ಸವಳು ಉಪ್ಪಿಗೆ ಸಂಬಂಧಿಸಿದ್ದು. ಚವುಳು, ಚೌಳು, ಸೌಳು ಎಂದು ಊರಿಂದೂರಿಗೆ ರೂಪ ಬದಲಿಸುವ ಈ ಪದಕ್ಕೆ ತೆಲುಗಿನ ಚವುಡು, ತಮಿಳಿನ ಚವರ್ ಒಡಹುಟ್ಟಿದವು, ಮೂರರಲ್ಲೂ ಉಪ್ಪಿನಂಶದ ಅರ್ಥವೇ ಇದೆ. ಕೊಳವೆಬಾವಿಯ ನೀರನ್ನು ಬಾಯಿಗಿಟ್ಟು ‘ಸವಳು ನೀರು’ ಎಂದು ಉಗುಳುವ ನಮ್ಮ ಅಜ್ಜಿಯಂದಿರು ಪದವನ್ನು ಸರಿಯಾಗಿಯೇ ಬಳಸುತ್ತಾರೆ. ಜವಳು ನೀರಿಗೆ ಸಂಬಂಧಿಸಿದ್ದು. ಜವುಗು, ಜೌಗು ಎಂಬ ಬಳಗಕ್ಕೆ ಸೇರಿದ ಅದು ನೀರು ಇಂಗದೆ, ಹರಿದೂ ಹೋಗದೆ ಬೇರಿನ ಬುಡದಲ್ಲೇ ನಿಂತ ಸ್ಥಿತಿಯನ್ನು ಹೇಳುತ್ತದೆ. ಒಂದು ಹನಿ ಕಾಲುವೆ ನೀರು ಕಾಣದ ಹೊಲವೂ ಸವಳಾಗಿರಬಹುದು, ಉಪ್ಪಿನ ಸುಳಿವೇ ಇಲ್ಲದ ಗದ್ದೆಯೂ ಜವಳಾಗಬಹುದು.

ಹಾಗಿದ್ದರೂ ಇವು ಜೋಡಿಪದವಾದದ್ದಕ್ಕೆ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ತಕ್ಕ ಕಾರಣವಿದೆ. 1953ರಲ್ಲಿ ಅಣೆಕಟ್ಟೆಯಿಂದ ನೀರು ಹರಿಯತೊಡಗಿದಾಗ ಅಚ್ಚುಕಟ್ಟಿನ ಬಹುಪಾಲು ಎರೆ ಭೂಮಿಗೆ, ಅಂದರೆ ಕಪ್ಪು ಮಣ್ಣಿಗೆ, ಯೋಜಿಸಿದ್ದು ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳನ್ನು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪಗಳಲ್ಲಿ ಭತ್ತವೇ ಹಬ್ಬಿ, ನೀರು ಸಿಕ್ಕ ವರ್ಷ ಎರಡು ಬೆಳೆಗೂ ಗದ್ದೆ ತುಂಬಿಸಿದ್ದರಿಂದ, ಸುಲಭವಾಗಿ ಬಸಿಯದ ಎರೆ ಮಣ್ಣಿನಡಿಯ ಜಲಮಟ್ಟ ಮೇಲೇರಿತು. ಆ ನೀರು ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಮೇಲಕ್ಕೆ ಬಂದು ಬಿಸಿಲಿಗೆ ಆವಿಯಾದಾಗ ಹೊತ್ತು ತಂದ ಲವಣ ಮೇಲೆಯೇ ಉಳಿಯುತ್ತದೆ. ಬೇಸಿಗೆಯಲ್ಲಿ ಕಾರಟಗಿಯ ಕಡೆ ಬದುವಿನ ಮೇಲೆ ನಡೆದರೆ ಹಪ್ಪಳದಂತಹ ಬಿಳಿ ಪದರ ಕಾಲಡಿ ಮುರಿಯುತ್ತದೆ. ಅದರ ಪಕ್ಕದಲ್ಲೇ ಮೊಣಕಾಲುದ್ದದ ಗುಂಡಿ ತೋಡಿಟ್ಟರೆ ಬೆಳಗಾಗುವಷ್ಟರಲ್ಲಿ ತಳದಲ್ಲಿ ನೀರು ಒಸರಿರುತ್ತದೆ. ಪದರ ಸವಳು, ಗುಂಡಿಯ ನೀರು ಜವಳು. ಇಲ್ಲಿ ಜವಳು ಮೊದಲು ಬಂತು, ಸವಳು ಅದರ ಬೆನ್ನಿಗೆ ಬಂತು. ಕಾಲುವೆಯ ಮೇಲ್ಭಾಗದಲ್ಲಿ ಹೀಗೆ ಹೆಚ್ಚಾಗಿ ನಿಂತ ನೀರಿಗಾಗಿಯೇ ಕೊನೆ ಭಾಗದ ಮಾನ್ವಿ, ಸಿರವಾರದ ರೈತರು ಪ್ರತಿ ಹಂಗಾಮಿನಲ್ಲೂ ಕಾದು ಕೂರುತ್ತಾರೆ.

ಇನ್ನು ಬ್ಯಾನರಿನಲ್ಲಿದ್ದ ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಇರುವ ಖನಿಜದ ಪುಡಿ. ಅದು ಸವಳಿನ ಮದ್ದೂ ಅಲ್ಲ, ಜವಳಿನ ಮದ್ದೂ ಅಲ್ಲ, ಕರಲಿನ ಮದ್ದು. ಕರಲು ಎಂದರೆ ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಂಡ ಕ್ಷಾರ ಭೂಮಿ: ರಸಸಾರ (ಪಿಎಚ್) 8.5ನ್ನು ಮೀರಿರುತ್ತದೆ, ವಿನಿಮಯವಾಗಬಲ್ಲ ಸೋಡಿಯಂ ಶೇ 15ಕ್ಕಿಂತ ಹೆಚ್ಚಿರುತ್ತದೆ. ಜಿಪ್ಸಮ್‌ನ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಹೊರದೂಡುತ್ತದೆ. ಲವಣದ ಅಳತೆಯಾದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದ್ದು ಸವಳು. ಅಲ್ಲಿ ಒಳ್ಳೆಯ ನೀರು ಕಟ್ಟಿ ಲವಣವನ್ನು ತೊಳೆದು ಹೊರಗೆ ಹಾಯಿಸಬೇಕು. ಜವಳು ಭೂಮಿಗೆ ಬೇಕಾದದ್ದು ಬಸಿಗಾಲುವೆ. ನೆಲದಡಿ ರಂಧ್ರದ ಕೊಳವೆ ಹೂಳುವ ಒಳಬಸಿ ವಿಧಾನವನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹಳ ಕಾಲದಿಂದ ಅಭ್ಯಸಿಸಿದೆ. ಬಸಿಯಲು ದಾರಿಯೇ ಇಲ್ಲದ ಗದ್ದೆಗೆ ಎಷ್ಟು ಚೀಲ ಜಿಪ್ಸಮ್ ಸುರಿದರೂ ಹೊರಬಿದ್ದ ಸೋಡಿಯಂ ಅಲ್ಲೇ ಉಳಿಯುತ್ತದೆ. ಈಗ ನಮ್ಮಲ್ಲಿ ಹೆಚ್ಚುತ್ತಿರುವ ಕೂರಿಗೆ ಭತ್ತ, ಅಂದರೆ ಸಸಿ ನಾಟಿ ಮಾಡದೆ ಬೀಜವನ್ನೇ ಕೂರಿಗೆಯಿಂದ ಬಿತ್ತುವ ಭತ್ತ, ಗದ್ದೆಯಲ್ಲಿ ನೀರು ನಿಲ್ಲಿಸುವ ದಿನಗಳನ್ನು ಕಡಿಮೆ ಮಾಡುವುದರಿಂದ ಜವಳನ್ನು ತಡೆಯಲು ನೆರವಾಗುತ್ತದೆ. ಆಗಲೇ ಕೂತ ಉಪ್ಪನ್ನು ಅದು ತೆಗೆಯುವುದಿಲ್ಲ.

ಆದ್ದರಿಂದ ಮಣ್ಣು ಪರೀಕ್ಷೆಯ ಚೀಟಿ ಕೈಗೆ ಬಂದಾಗ ರಸಸಾರವನ್ನಷ್ಟೇ ನೋಡಿ ಅಂಗಡಿಗೆ ಹೋಗಬೇಡಿ. ವಿದ್ಯುತ್ ವಾಹಕತೆಯ ಅಂಕಿಯನ್ನೂ ಓದಿ, ಹೊಲದ ತಗ್ಗಿನಲ್ಲಿ ಒಂದು ಗುಂಡಿಯನ್ನೂ ತೋಡಿ ನೋಡಿ. ಗುಂಡಿಯಲ್ಲಿ ಎಷ್ಟು ಆಳಕ್ಕೆ ನೀರು ಕಂಡಿತೆಂಬುದನ್ನು ಆ ಚೀಟಿ ಹೇಳುವುದಿಲ್ಲ.